ನಿಮ್ಮ ಮನೆ ಪ್ಲಾನ್ ಸ್ವಲ್ಪ ಕಳಿಸ್ತೀರಾ?

ಗೃಹಪ್ರವೇಶ ಆಗಿ ಮೂರು ವರ್ಷ ಆಯಿತು. ಇವತ್ತಿಗೂ ತಿಂಗಳಿಗೊಬ್ಬರಾದರೂ ಕೇಳುತ್ತಾರೆ: "ಮೇಡಂ, ನಮ್ಮದೂ ಥರ್ಟಿ ಫಾರ್ಟಿ ಸೈಟು. ನಿಮ್ಮ ಮನೆ ಪ್ಲಾನ್ ವಾಟ್ಸಾಪ್ ಮಾಡ್ತೀರಾ?" ಮೊದಮೊದಲು ಕಳಿಸುತ್ತಿದ್ದೆ. ಈಗ ತಿರುಗಿ ನಾನೇ ಕೇಳುತ್ತೇನೆ: ನಿಮ್ಮ ರಸ್ತೆ ಯಾವ ಕಡೆಗಿದೆ?

ನಮ್ಮದು ಮೈಸೂರು, ಪಶ್ಚಿಮಕ್ಕೆ ರಸ್ತೆ. ಪೂರ್ವಕ್ಕೆ ರಸ್ತೆ ಇರುವ ಪರಿಚಯದವರೊಬ್ಬರು ನಮ್ಮ ಪ್ಲಾನನ್ನೇ ತಿರುಗಿಸಿ ಕಟ್ಟಿಸಿಕೊಂಡರು. ನಮ್ಮಲ್ಲಿ ಎಳೆಬಿಸಿಲು ಬೀಳುವ ಅಡುಗೆಮನೆ ಅವರಲ್ಲಿ ಪಶ್ಚಿಮಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಸಂಜೆ ಕಾಫಿ ಮಾಡೋಕೆ ಹೋದರೆ ಒಲೆ ಹಚ್ಚುವ ಮೊದಲೇ ಬೆವರು. ಪಾಪ, ಅವರು ಏನೂ ಅನ್ನಲಿಲ್ಲ. ನನಗೇ ನಾಚಿಕೆ ಆಯಿತು.

ಹಾಗಾಗಿ ಈಗ ಪ್ಲಾನಿನ ಬದಲು ನನ್ನ ನೋಟ್‌ಬುಕ್ಕಿನ ಕತೆ ಹೇಳುತ್ತೇನೆ.

ನಾವು ಮೊದಲು ಹೋದ ಇಂಜಿನಿಯರ್ ಎರಡೇ ದಿನಕ್ಕೆ ಪ್ಲಾನ್ ಕೊಟ್ಟರು. ಮನೆಯಲ್ಲಿ ಯಾರ್‍ಯಾರು ಇದ್ದೀರಿ ಅಂತಲೂ ಕೇಳಿರಲಿಲ್ಲ. ಅದನ್ನು ಮಡಚಿಟ್ಟು ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಆರು ತಿಂಗಳು, ಆಗ ಇದ್ದ ಬಾಡಿಗೆ ಮನೆಯಲ್ಲಿ ನಾವು ಹೇಗೆ ಬದುಕುತ್ತೇವೆ ಅಂತ ಸುಮ್ನೆ ಬರೆಯುತ್ತಾ ಹೋದೆ. ಅತ್ತೆ ಹತ್ತು ಗಂಟೆಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ. ಮಗನಿಗೆ ಅಂತ ತಂದ ಟೇಬಲ್ ಇದ್ದರೂ ಅವನು ಹೋಂವರ್ಕ್ ಮಾಡುವುದು ಅಡುಗೆಕಟ್ಟೆಯ ಪಕ್ಕ. ಸೋಫಾ ಮೇಲೆ ಮನುಷ್ಯರಿಗಿಂತ ಮಡಚದ ಬಟ್ಟೆಯೇ ಜಾಸ್ತಿ. ಜುಲೈನಲ್ಲಿ ಒದ್ದೆ ಬಟ್ಟೆ ಕುರ್ಚಿಗಳ ಮೇಲೆ. ಇಪ್ಪತ್ತು ಜನ ನೆಂಟರು ಬರುವುದು ವರ್ಷಕ್ಕೆ ಎರಡು ಸಲ. ಈ ಕೊನೆಯ ಸಾಲು ನಮಗೆ ಒಂದು ದೊಡ್ಡ ಹಾಲ್ ಕಟ್ಟಿಸುವ ಖರ್ಚು ಉಳಿಸಿತು.

ಐಡಿಯಾಗಳಿಗೆ ಬರ ಇರಲಿಲ್ಲ. ಫೋನಿನಲ್ಲಿ ನಾನೂರು ಸ್ಕ್ರೀನ್‌ಶಾಟ್ ಇದ್ದವು. ಒಂದು ಭಾನುವಾರ ಎಲ್ಲವನ್ನೂ ಒಟ್ಟಿಗೆ ನೋಡಿದಾಗ ನಗು ಬಂತು. ಸ್ವೀಡನ್ನಿನದೋ ಚೆಟ್ಟಿನಾಡಿನದೋ, ನನಗೆ ಇಷ್ಟವಾದ ಚಿತ್ರಗಳಲ್ಲೆಲ್ಲ ಒಂದು ಕಿಟಕಿ, ಅದರ ಪಕ್ಕ ತಗ್ಗಾದ ಕೂರುವ ಜಾಗ. ಅಂದರೆ ನನಗೆ ಬೇಕಿದ್ದದ್ದು ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಯ ಜಗಲಿ! ಅದಕ್ಕೆ ನಾನೂರು ಚಿತ್ರ ಬೇಕಾಯಿತು ನೋಡಿ.

ಚಿತ್ರಕ್ಕಿಂತ ಒಳಗೆ ಹೋಗಿ ನಿಲ್ಲುವುದು ಹೆಚ್ಚು ಕಲಿಸುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಸಾಧ್ಯವಾದರೆ ಹೋಗಿ. ನನಗೆ ಅಲ್ಲಿ ಕೆತ್ತನೆಯ ಕಂಬಗಳಿಗಿಂತ ಬೆಳಕು ಹಿಡಿಸಿತು. ಹೊರಗಿನ ಬಿಸಿಲಿಂದ ಒಳಗೆ ಬಂದರೆ ಕಣ್ಣು ತಣ್ಣಗಾಗುತ್ತದೆ. ಗಾಜಿನ ಗೋಡೆಯ ಆಸೆಯನ್ನು ಅಲ್ಲೇ ಬಿಟ್ಟು ಬಂದೆ.

ಆಮೇಲೆ ಸೂರ್ಯ. ಖಾಲಿ ಸೈಟಿನಲ್ಲಿ ಕೊಡೆ ಹಿಡಿದು ಏಪ್ರಿಲ್‌ನಲ್ಲಿ ಒಂದಿಡೀ ದಿನ ಕೂತಿದ್ದೆ, ಡಿಸೆಂಬರ್‌ನಲ್ಲಿ ಇನ್ನೊಂದು ದಿನ. ಅಕ್ಕಪಕ್ಕದವರು ಸೈಟು ಕಬಳಿಸೋಕೆ ಬಂದವಳು ಅಂದುಕೊಂಡಿರಬೇಕು. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ಚೆನ್ನಾಗಿ ವಾಲಿರುತ್ತಾನೆ. ಜೂನ್‌ನಲ್ಲಿ ನಮ್ಮ ತಲೆ ದಾಟಿ ಸ್ವಲ್ಪ ಉತ್ತರಕ್ಕೇ ಹೋಗಿರುತ್ತಾನೆ. ಯುರೋಪಿನಲ್ಲಿ ಅವನು ಹೀಗೆ ತಲೆ ದಾಟುವುದೇ ಇಲ್ಲ. ಅಲ್ಲಿಯ ಚಿತ್ರ ನೋಡಿ ಕಿಟಕಿ ಇಡಬೇಡಿ ಅನ್ನುವುದು ಇದಕ್ಕೇ. ನಮಗೆ ನಿಜವಾದ ಕಾಟ ಪಶ್ಚಿಮದ ಬಿಸಿಲು. ಸಂಜೆ ಅದು ಅಡ್ಡಡ್ಡ ಬರುತ್ತದೆ, ಕಿಟಕಿ ಮೇಲಿನ ಎರಡು ಅಡಿ ಸಜ್ಜಾ ಅದನ್ನು ತಡೆಯುವುದಿಲ್ಲ. ಎದುರಿಗೇ ಏನಾದರೂ ನಿಲ್ಲಬೇಕು. ನಾವು ಮೆಟ್ಟಿಲು ಮತ್ತು ಬಾತ್‌ರೂಮನ್ನು ಆ ಕಡೆಗೆ ತಂದೆವು. ಜಗಲಿಗೆ ಇಟ್ಟಿಗೆಯ ಜಾಲಿ ಕಟ್ಟಿಸಿದೆವು. ಜಾಲಿ ಅಂದರೆ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟುವ ಗೋಡೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಅವರ ಕಟ್ಟಡಗಳಲ್ಲಿ ಇದನ್ನು ಧಾರಾಳವಾಗಿ ನೋಡಬಹುದು. ಗಾಳಿ ಬರುತ್ತದೆ, ಬಿಸಿಲು ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಧೂಳೂ ಬರುತ್ತದೆ, ಸುಳ್ಳು ಹೇಳಲ್ಲ.

ವಾಸ್ತು ನೋಡಿದ್ರಾ ಅಂತಲೂ ಕೇಳುತ್ತಾರೆ. ಅತ್ತೆ ನೋಡಿಸಿದರು. ಅಡುಗೆಮನೆ ಆಗ್ನೇಯಕ್ಕೆ ಅಂದರು, ನನಗೂ ಬೆಳಗಿನ ಬೆಳಕು ಬೇಕಿತ್ತು, ಜಗಳವೇ ಇಲ್ಲ. ದೊಡ್ಡ ಬೆಡ್‌ರೂಮ್ ನೈಋತ್ಯಕ್ಕೆ ಅಂದಾಗ ಮಾತ್ರ ವಾರಗಟ್ಟಲೆ ಮಾತು ನಡೆಯಿತು. ಮಧ್ಯಾಹ್ನವೆಲ್ಲ ಕಾದ ಗೋಡೆ ರಾತ್ರಿ ಶಾಖ ಬಿಡುತ್ತದಲ್ಲ. ಕೊನೆಗೆ ರೂಮು ಅತ್ತೆ ಹೇಳಿದ ಕಡೆಯೇ ಬಂತು, ಪಶ್ಚಿಮದ ಗೋಡೆ ತುಂಬ ವಾರ್ಡ್‌ರೋಬ್ ಬಂತು. ಸೆಕೆ ನಮಗಿಂತ ಮೊದಲು ಸೀರೆಗಳಿಗೆ.

ಇನ್ನು ಲೆಕ್ಕ. 30x40 ಅಂದರೆ 1200 ಚದರಡಿ ಅಂತ ಎಲ್ಲರೂ ಹಿಗ್ಗುತ್ತಾರೆ. ಸುತ್ತ ಎಷ್ಟು ಬಿಡಬೇಕು ಅನ್ನುವುದು ಆಯಾ ಊರಿನ ನಿಯಮದ ಮೇಲೆ. ನಾಲ್ಕೂ ಕಡೆ ಮೂರಡಿ ಬಿಟ್ಟರೆ ಉಳಿಯುವುದು 24x34, ಅಂದರೆ 816. ಅದರಲ್ಲಿ ಹೊರಗೋಡೆ ಒಂಬತ್ತು ಇಂಚು. ಹತ್ತಡಿ ಎತ್ತರ ಹತ್ತೋಕೆ ಏಳಿಂಚಿನ ಹದಿನೇಳು ಮೆಟ್ಟಿಲು ಬೇಕು, ನಡುವೆ ತಿರುಗಿ ಹತ್ತುವ ಹಾಗೆ ಮಾಡಿದರೂ 60 ಚದರಡಿಗಿಂತ ಜಾಸ್ತಿ ತಿನ್ನುತ್ತದೆ.

ಕಾಗದದ ಮೇಲೆ ಇದು ತಿಳಿಯುವುದೇ ಇಲ್ಲ. ಬಾಡಿಗೆ ಮನೆಯ ತಾರಸಿ ಮೇಲೆ ರಂಗೋಲಿ ಪುಡಿಯಲ್ಲಿ ಒಂದೊಂದೇ ರೂಮನ್ನು ನಿಜವಾದ ಅಳತೆಯಲ್ಲಿ ಬರೆದು ನೋಡಿದೆವು. ಹತ್ತಡಿ ರೂಮಿನಲ್ಲಿ ಆರೂವರೆ ಅಡಿ ಉದ್ದದ ಮಂಚದ ಜಾಗಕ್ಕೆ ಬೆಡ್‌ಶೀಟ್ ಹಾಸಿ, ಎದುರಿಗೆ ಎರಡಡಿ ವಾರ್ಡ್‌ರೋಬ್ ಗೆರೆ ಎಳೆದರೆ ನಡುವೆ ಉಳಿದದ್ದು ಒಂದೂವರೆ ಅಡಿ. ನನ್ನ ಗಂಡ ಅಲ್ಲಿ ನಿಂತು ಇಲ್ಲದ ವಾರ್ಡ್‌ರೋಬಿನ ಬಾಗಿಲು ತೆಗೆಯೋಕೆ ಹೋಗಿ ಬೆಡ್‌ಶೀಟ್ ಮೇಲೆ ಕೂತರು. ಅವತ್ತೇ ಆ ರೂಮು ಹನ್ನೆರಡಡಿ ಆಯಿತು.

ಟೇಪು ಯಾವಾಗಲೂ ಬ್ಯಾಗಿನಲ್ಲಿರಲಿ. ನೆಂಟರ ಮನೆಗೆ ಹೋದಾಗೆಲ್ಲ ನಾನು ಅಡುಗೆಕಟ್ಟೆ ಅಳೆಯುತ್ತಿದ್ದೆ, ಯಜಮಾನರು ಬೇರೆ ಕಡೆ ನೋಡುತ್ತಿದ್ದರು. ಹೆಚ್ಚೋಕೆ, ಲಟ್ಟಿಸೋಕೆ ನನಗೆ ಹಿತವಾದದ್ದು ಮೊಣಕೈಗಿಂತ ನಾಲ್ಕು ಇಂಚು ಕೆಳಗಿನ ಕಟ್ಟೆ. ಆದರೆ ಅದೇ ಕಟ್ಟೆ ಮೇಲೆ ಸ್ಟವ್, ಅದರ ಮೇಲೆ ಸಾರಿನ ದೊಡ್ಡ ಪಾತ್ರೆ ಇಟ್ಟರೆ ಭುಜ ಎತ್ತಿ ಕೈಯಾಡಿಸಬೇಕು. ಅದಕ್ಕೆ ಸ್ಟವ್ ಇಡುವ ಕಡೆ ಮೂರಿಂಚು ತಗ್ಗಿಸಿದೆವು. ಮೇಸ್ತ್ರಿ ಎರಡು ಸಲ ಕೇಳಿದರು, "ಅಕ್ಕಾ, ಅಳತೆ ಸರಿಯಾಗಿ ಹೇಳ್ತಿದ್ದೀರಾ?" ಮನೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವುದು ಆ ಮೂರಿಂಚು.

ಎಲ್ಲಾ ಬರೆದುಕೊಂಡೆ ಅಂತ ಜಂಬ ಪಡುವ ಹಾಗಿಲ್ಲ. ಏಣಿ ಮರೆತುಹೋಗಿತ್ತು. ಆರಡಿ ಅಲ್ಯೂಮಿನಿಯಂ ಏಣಿ, ವರ್ಷಕ್ಕೆ ನಾಲ್ಕು ಸಲ ಬೇಕು, ಉಳಿದ ದಿನವೆಲ್ಲ ಎಲ್ಲಾದರೂ ನಿಲ್ಲಬೇಕು. ಸದ್ಯ ದೇವರ ಮನೆ ಬಾಗಿಲ ಹಿಂದಿದೆ, ಮಂಗಳಾರತಿಗೆ ಬಾಗಿಲು ಪೂರ್ತಿ ತೆರೆಯೋಕೆ ಆಗುವುದಿಲ್ಲ.

ಇಷ್ಟು ಓದಿದ ಮೇಲೂ ಪ್ಲಾನ್ ಬೇಕೇ ಬೇಕು ಅಂದರೆ ಕಳಿಸುತ್ತೇನೆ. ಏಣಿಗೊಂದು ಜಾಗ ನೀವೇ ಸೇರಿಸಿಕೊಳ್ಳಿ.