ಜನವರಿ ಪೂರ್ತಿ ರಾಜರ ಗಲೆಟ್

ಫ್ರಾನ್ಸಿನಲ್ಲಿ ಕ್ರಿಸ್‌ಮಸ್ ಮುಗಿದರೂ ಸಿಹಿ ಮುಗಿಯುವುದಿಲ್ಲ. ಹೊಸ ವರ್ಷ ಬಂದಿತೆಂದರೆ ಬೇಕರಿಗಳ ತುಂಬ ‘ಗಲೆಟ್ ದೆ ರುವಾ’. ಅಂದರೆ ರಾಜರ ಗಲೆಟ್, ಚಪ್ಪಟೆಯಾದ ದುಂಡನೆಯ ಕೇಕ್. ಶಿಶು ಯೇಸುವನ್ನು ನೋಡಲು ಪೂರ್ವದಿಂದ ಬಂದರಲ್ಲ, ಆ ಮೂವರು ರಾಜರ ಹೆಸರಿನ ತಿಂಡಿ. ಹಬ್ಬ ಇರುವುದು ಜನವರಿ 6ಕ್ಕೆ, ತಿನ್ನುವುದು ತಿಂಗಳಿಡೀ.

ಮೈದಾ ಹಿಟ್ಟಿನೊಳಗೆ ಬೆಣ್ಣೆ ಇಟ್ಟು, ಮಡಚಿ, ಲಟ್ಟಿಸಿ, ಮತ್ತೆ ಮಡಚಿ ಎರಡು ದುಂಡನೆಯ ಹಾಳೆ ಮಾಡುತ್ತಾರೆ. ನಡುವೆ ಬಾದಾಮಿ ಪುಡಿ, ಸಕ್ಕರೆ, ಬೆಣ್ಣೆ, ಮೊಟ್ಟೆಯ ಹೂರಣ. ಹೊಳಪಿಗೆಂದು ಮೇಲೂ ಮೊಟ್ಟೆ ಸವರುತ್ತಾರೆ. ಹಾಗಾಗಿ ಮೊಟ್ಟೆ ತಿನ್ನದವರು ವಿಚಾರಿಸದೆ ಕೈ ಹಾಕಬೇಡಿ.

ನಾನಿರುವ ತುಲೂಸ್ ದಕ್ಷಿಣದಲ್ಲಿದೆ. ಇಲ್ಲಿನ ಹಳಬರಿಗೆ ಇದು ಪ್ಯಾರಿಸ್ ಕಡೆಯವರ ತಿಂಡಿ. ತಮ್ಮದು ಬಳೆಯಾಕಾರದ ಬ್ರಿಯೋಶ್ ಎಂಬ ಮೆತ್ತನೆಯ ಸಿಹಿ ಬ್ರೆಡ್. ಅದಕ್ಕೆ ಕಿತ್ತಳೆ ಹೂವಿನ ನೀರಿನ ಘಮ, ಮೇಲೆ ಸಕ್ಕರೆ ಪಾಕ ಹೀರಿದ ಹಣ್ಣು. ನನ್ನ ವೋಟು ಬಾದಾಮಿಗೇ. ಆಫೀಸಿನಲ್ಲಿ ಜೋರಾಗಿ ಹೇಳುವುದಿಲ್ಲ, ಅಷ್ಟೆ.

ನಿಜವಾದ ಮಜಾ ಒಳಗೆ ಅಡಗಿರುವ ‘ಫೆವ್’ನಲ್ಲಿದೆ. ಹಿಂದೆ ಅದು ಬರೀ ಒಂದು ಒಣಗಿದ ಕಾಳು. 19ನೇ ಶತಮಾನದ ಕೊನೆಯ ಹೊತ್ತಿಗೆ ಪಿಂಗಾಣಿಯ ಪುಟ್ಟ ಗೊಂಬೆ ಬಂತು. ಇವುಗಳನ್ನು ಕೂಡಿಡುವ ಹುಚ್ಚಿನವರೂ ಇದ್ದಾರೆ. ಯಾರ ತುಂಡಿನಲ್ಲಿ ಸಿಗುತ್ತದೋ ಅವರೇ ಆ ದಿನದ ರಾಜ ಅಥವಾ ರಾಣಿ, ತಲೆಗೆ ಕಾಗದದ ಕಿರೀಟ. ಹಂಚುವಾಗ ಮೋಸ ಆಗಬಾರದಲ್ವಾ? ಅದಕ್ಕೇ ಎಲ್ಲರಿಗಿಂತ ಚಿಕ್ಕ ಮಗು ಮೇಜಿನ ಕೆಳಗೆ ಕೂರುತ್ತದೆ. ‘ಇದು ಯಾರಿಗೆ?’ ಎಂದು ಮೇಲಿನಿಂದ ಕೇಳಿದಂತೆಲ್ಲ ಒಂದೊಂದು ಹೆಸರು ಕೂಗುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ತುಂಡು ಹೆಚ್ಚಾಗಿ ಕತ್ತರಿಸಿ, ಬಾಗಿಲಿಗೆ ಬರುವ ಬಡವರಿಗೆಂದು ಎತ್ತಿಡುತ್ತಿದ್ದರು.

ಆಫೀಸುಗಳಲ್ಲಿ ಮಗು ಇರುವುದಿಲ್ಲ, ಆದರೆ ನಿಯಮ ಇದೆ: ಫೆವ್ ಸಿಕ್ಕವರು ಮುಂದಿನ ಗಲೆಟ್ ತರಬೇಕು. ಹಲ್ಲಿಗೆ ಸಿಕ್ಕಿದ್ದನ್ನು ಸುಮ್ನೆ ಜೇಬಿಗೆ ಇಳಿಸುವವರೂ ಇದ್ದಾರೆ ಎಂಬ ಗುಮಾನಿ ನನ್ನದು.

ರಾಜನ ತಲೆಯನ್ನೇ ತೆಗೆದ ದೇಶ ಇದು. ಕ್ರಾಂತಿಯ ಕಾಲದಲ್ಲಿ ಈ ಹೆಸರು ಬೇಡವೆಂದು ‘ಸಮಾನತೆಯ ಕೇಕ್’ ಎಂದು ಕರೆದದ್ದೂ ಉಂಟು. ಆ ಹೆಸರು ಉಳಿಯಲಿಲ್ಲ. ಆದರೂ ಅಧ್ಯಕ್ಷರ ನಿವಾಸವಾದ ಎಲಿಸೆ ಅರಮನೆಯಲ್ಲಿ ಹಳೆಯ ಎಚ್ಚರ ಇನ್ನೂ ಇದೆ. ಅಲ್ಲಿ ಪ್ರತಿ ಜನವರಿ ಅಧ್ಯಕ್ಷರಿಗೆಂದು ತರುವ ದೊಡ್ಡ ಗಲೆಟ್‌ನಲ್ಲಿ ಫೆವ್ ಇಡುವುದಿಲ್ಲ. ಗಣರಾಜ್ಯದ ಅಧ್ಯಕ್ಷರು ಅಪ್ಪಿತಪ್ಪಿ ರಾಜರಾಗಿಬಿಟ್ಟರೆ?