ಹಳೇ ಸಿ ಪ್ರೋಗ್ರಾಂಗೆ ಹೊಸ ಕಿಟಕಿ

9 ಮಾರ್ಚ್ 2024, ಶನಿವಾರ

ಯಾವತ್ತೋ ಸಿ ಭಾಷೆಯಲ್ಲಿ ಬರೆದಿಟ್ಟ ಲೆಕ್ಕದ ಪ್ರೋಗ್ರಾಂ ಒಂದಿದೆ. ನನಗೆ ಟರ್ಮಿನಲ್ಲೇ (ಕಮಾಂಡ್ ಬರೆದು ಓಡಿಸುವ ಪರದೆ) ಸಾಕು, ಆದರೆ ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಪ್ಪು ಪರದೆ ಕಂಡರಾಗದು. "ಒತ್ತೋಕೆ ಒಂದು ಬಟನ್ ಕೊಡಿ ಸಾಕು" ಅಂತ ಬೆನ್ನು ಬಿದ್ದಿದ್ದರು. ಪೂರ್ತಿ ಪೈಥಾನ್‌ಗೆ ತಿರುಗಿಸಿ ಬರೆಯೋಕೆ ಮನಸ್ಸಿರಲಿಲ್ಲ, ಸರಿಯಾಗಿ ನಡೆಯುತ್ತಿರುವುದನ್ನು ಯಾಕೆ ಕೆಡಿಸಬೇಕು? ಸಿ ಕೋಡ್ ಹಾಗೇ ಇರಲಿ, ಮುಂದೆ ಟಿಕಿಂಟರ್ (ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿ) ಕಿಟಕಿ ಕೂರಿಸೋಣ ಅಂತ ಕೂತೆ. (ಟಿಕಿಂಟರ್ ಕೂಡ ಇದೇ ಜಾತಿಯದು. ಕಿಟಕಿ ಬಿಡಿಸುವುದು ಪೈಥಾನ್ ಅಲ್ಲ, ಒಳಗೆ ಕೂತಿರುವ ಟಿಸಿಎಲ್ ಭಾಷೆ ಮತ್ತು ಅದರ ಟಿಕೆ ಲೈಬ್ರರಿ.)

ಮೊದಲು ಸಿಟೈಪ್ಸ್ (ಪೈಥಾನ್‌ನಿಂದ ಸಿ ಕೋಡ್ ಕರೆಯುವ ಲೈಬ್ರರಿ) ಹಿಡಿದು ಸಿ ಫಂಕ್ಷನ್ನನ್ನೇ ನೇರವಾಗಿ ಕರೆದೆ. 3.75 ಬರಬೇಕಾದ ಕಡೆ ಏನೋ ಒಂದು ಕಸದ ಪೂರ್ಣಾಂಕ ಬಂತು. ವಾಪಸ್ ಬರುವುದು ಡಬಲ್ (ದಶಮಾಂಶ ಸಂಖ್ಯೆ) ಅಂತ ನಾವೇ ರೆಸ್‌ಟೈಪ್‌ನಲ್ಲಿ ಹೇಳಬೇಕು, ಇಲ್ಲದಿದ್ದರೆ ಸಿಟೈಪ್ಸ್ ವಾಪಸ್ ಬಂದದ್ದನ್ನೆಲ್ಲಾ ಇಂಟ್, ಅಂದರೆ ಪೂರ್ಣಾಂಕ, ಅಂದುಕೊಳ್ಳುತ್ತದೆ. ಅದು ಸರಿಹೋಯಿತು. ಆಮೇಲೆ ಬೇಕಂತಲೇ ತಪ್ಪು ಫೈಲ್ ಕೊಟ್ಟೆ. ಸೆಗ್‌ಫಾಲ್ಟ್! ತನ್ನದಲ್ಲದ ಮೆಮೊರಿ ಮುಟ್ಟಿ ಸಿ ಕೋಡ್ ಸತ್ತಿತು. ಎರಡೂ ಒಂದೇ ಪ್ರೊಸೆಸ್‌ನಲ್ಲಿದ್ದವಲ್ವಾ, ಕಿಟಕಿಯೂ ಜೊತೆಗೇ ಮಾಯ. ಬೇಡಪ್ಪ ಈ ಸಹವಾಸ.

ಹಾಗಾಗಿ ಸಬ್‌ಪ್ರೊಸೆಸ್ (ಇನ್ನೊಂದು ಪ್ರೋಗ್ರಾಂ ಓಡಿಸುವ ಪೈಥಾನ್ ಸೌಲಭ್ಯ). ಸಿ ಪ್ರೋಗ್ರಾಂ ಬೇರೆಯಾಗಿ ಓಡುತ್ತದೆ, ಅದು ಪ್ರಿಂಟ್ ಮಾಡುವ ಸಾಲುಗಳನ್ನು ಪೈಪ್‌ನಲ್ಲಿ (ಎರಡು ಪ್ರೋಗ್ರಾಂ ನಡುವಿನ ಕೊಳವೆ) ಓದಿ ನಾನು ಕಿಟಕಿಯಲ್ಲಿ ಪ್ರಗತಿ ಪಟ್ಟಿ ತುಂಬಿಸಬೇಕು, ಅಷ್ಟೇ. ಅಷ್ಟೇ ಅಂದುಕೊಂಡೆ. ಟರ್ಮಿನಲ್‌ನಲ್ಲಿ 10%, 20% ಅಂತ ಒಂದೊಂದಾಗಿ ಬರುತ್ತಿದ್ದದ್ದು ಇಲ್ಲಿ ಎರಡು ನಿಮಿಷ ಉಸಿರೇ ಇಲ್ಲ, ಕೊನೆಗೆ ಎಲ್ಲಾ ಒಟ್ಟಿಗೆ ಧಡಾರ್ ಅಂತ ಬಂದು ಬಿತ್ತು. ಪೈಥಾನ್ ಕಡೆಯೇ ತಪ್ಪು ಅಂತ ಮಧ್ಯಾಹ್ನವಿಡೀ ಅಲ್ಲೇ ಕೆದಕಿದೆ. ತಪ್ಪು ಅಲ್ಲಿರಲಿಲ್ಲ. ಔಟ್‌ಪುಟ್ ಟರ್ಮಿನಲ್‌ಗೆ ಹೋದರೆ ಸಿ ಲೈಬ್ರರಿ ಸಾಲು ಮುಗಿದ ಕೂಡಲೇ ಕಳಿಸುತ್ತದೆ, ಪೈಪ್‌ಗಾದರೆ ಬಫರ್ (ಕಳಿಸುವ ಮುಂಚೆ ಕೂಡಿಡುವ ಜಾಗ) ತುಂಬುವವರೆಗೆ ಕಳಿಸುವುದೇ ಇಲ್ಲ. ನನ್ನ ಲಿನಕ್ಸ್‌ನಲ್ಲಿ ಅದು 4096 ಬೈಟ್, ನನ್ನ ಸಾಲುಗಳೆಲ್ಲಾ ಸೇರಿದರೂ ಅಷ್ಟಾಗಲ್ಲ. ಕೊನೆಗೆ, ಮುಟ್ಟಲ್ಲ ಅಂದಿದ್ದ ಸಿ ಫೈಲ್ ತೆಗೆದು ಪ್ರಿಂಟ್‌ಎಫ್ ಕೆಳಗೆ ಒಂದು ಎಫ್‌ಫ್ಲಶ್ (ಬಫರ್‌ನಲ್ಲಿರುವುದನ್ನು ಈಗಲೇ ಕಳಿಸು ಅನ್ನುವ ಆದೇಶ) ಹಾಕಿದೆ. ಮುಟ್ಟಲೇಬಾರದು ಅನ್ನುವವರು ಬಫರ್ ರೀತಿ ಬದಲಿಸುವ stdbuf ಕಮಾಂಡ್ ಮೂಲಕ ಓಡಿಸಿ ನೋಡಬಹುದು.

ಇನ್ನೊಂದು ರಗಳೆ, ಸಾಲಿಗಾಗಿ ಕಾಯುವಾಗ ಕಿಟಕಿ ಬೂದಿ ಬಣ್ಣಕ್ಕೆ ತಿರುಗಿ ಕಲ್ಲಾಗುತ್ತಿತ್ತು. ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ (ಅದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಇನ್ನೊಂದು ಎಳೆ) ಹಾಕಿ, ಬಂದ ಸಾಲನ್ನು ಕ್ಯೂಗೆ ತಳ್ಳಿ, ಟಿಕಿಂಟರ್‌ನ ಟೈಮರ್ ಆದ ಆಫ್ಟರ್ ಇಟ್ಟು 100 ಮಿಲಿಸೆಕೆಂಡಿಗೊಮ್ಮೆ ಕ್ಯೂ ನೋಡುವಂತೆ ಮಾಡಿದೆ. ಥ್ರೆಡ್‌ನಿಂದ ಸೀದಾ ವಿಜೆಟ್ (ಕಿಟಕಿಯ ಬಟನ್, ಪಟ್ಟಿ ಇತ್ಯಾದಿ) ಮುಟ್ಟೋಕೆ ಹೋಗಲಿಲ್ಲ, ಆ ಪಾಠ ಹಿಂದೆಯೇ ಆಗಿದೆ.

ರಾತ್ರಿ ಎಲ್ಲಾ ಮುಚ್ಚಿದ ಮೇಲೂ ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗುತ್ತಲೇ ಇತ್ತು. ಟಾಪ್ (ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಕಮಾಂಡ್) ಹಾಕಿ ನೋಡಿದರೆ ನನ್ನ ಸಿ ಪ್ರೋಗ್ರಾಂನ ಮೂರು ಪ್ರತಿ ಸುಮ್ನೆ ಲೆಕ್ಕ ಮಾಡುತ್ತಾ ಕೂತಿವೆ, ಕಿಟಕಿ ಮುಚ್ಚಿದ್ದನ್ನು ಅವಕ್ಕೆ ಯಾರೂ ಹೇಳಿರಲಿಲ್ಲ. ಮೂರನ್ನೂ ಕೈಯಾರೆ ಕೊಂದು, ಮುಚ್ಚುವ ಗುಂಡಿಗೆ ಟರ್ಮಿನೇಟ್ (ಸಿ ಪ್ರೋಗ್ರಾಂ ನಿಲ್ಲಿಸುವ ಆದೇಶ) ಕಟ್ಟಿ ಮಲಗಲು ಹೊರಟೆ.