ಹವಾಲ್ದಾರ್ರ ಪೆನ್ಸಿಲ್ ಗುರುತು

ನಮ್ಮ ಶಾಖೆಯ ಹಳೆಯ ಗನ್‌ಮ್ಯಾನ್ ಹೋದ ತಿಂಗಳು ತೀರಿಕೊಂಡರು. 82 ತುಂಬಿತ್ತು. ಬ್ಯಾಂಕು ಬಿಟ್ಟು 20 ವರ್ಷ ದಾಟಿದ್ದರೂ ನಮಗೆಲ್ಲ ಅವರು ಹವಾಲ್ದಾರ್ರೇ. ನಾನು ಇಷ್ಟು ವರ್ಷ ಪಿಂಚಣಿ ಕೌಂಟರಿನಲ್ಲಿ ಕೂತು ಏನಾದರೂ ಸರಿಯಾಗಿ ಕಲಿತಿದ್ದರೆ ಅದು ಅವರಿಂದ. ಅದಕ್ಕೇ ಬರೆಯುತ್ತಿದ್ದೇನೆ.

ಚೀನಾ ಯುದ್ಧ ಮುಗಿದ ಮರುವರ್ಷ, 1963ರಲ್ಲಿ, ಅವರು ಮದ್ರಾಸ್ ಸ್ಯಾಪರ್ಸ್ ಸೇರಿದರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಸೆಂಟರ್ ಇದೆಯಲ್ಲ, ಅದೇ. 1780ರಷ್ಟು ಹಳೆಯ ಪಡೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬು ತೆಗೆಯುವುದು ಇವರ ಕೆಲಸ. 17 ವರ್ಷ ಸೇವೆ ಮಾಡಿ 1980ರಲ್ಲಿ ಪಿಂಚಣಿ ಪಡೆದು ಊರಿಗೆ ಬಂದರು. ಮೂರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ತಾಯಿ. ಪಿಂಚಣಿ ಒಂದರಲ್ಲಿ ಸಂಸಾರ ಸಾಗುವಂತಿರಲಿಲ್ಲ. 1982ರಲ್ಲಿ ಬ್ಯಾಂಕಿಗೆ ಗನ್‌ಮ್ಯಾನ್ ಆಗಿ ಸೇರಿ 60 ತುಂಬುವವರೆಗೆ ಬಾಗಿಲಲ್ಲಿ ನಿಂತರು. ಮೂವರನ್ನೂ ಡಿಗ್ರಿ ಓದಿಸಿದರು.

ನಾನು 1997ರಲ್ಲಿ ಕ್ಲರ್ಕ್ ಆಗಿ ಹೋದಾಗ ಮೊದಲು ಗಮನಿಸಿದ್ದು ಅವರ ಬೆಳಗಿನ ಪರಿಪಾಠ. ಕ್ಯಾಶ್ ತೆಗೆಯುವ ಮುಂಚೆ ಜೋಡಿ ನಳಿಗೆಯ ಬಂದೂಕು ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ತೋಟಾ ಎಣಿಸಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ಆ ಬಂದೂಕು ಒಂದು ದಿನವೂ ಹಾರಿದ್ದಿಲ್ಲ. ನಿನ್ನೆ ಇದ್ದಷ್ಟೇ ತೋಟಾ ಇವತ್ತೂ ಇರುತ್ತಿತ್ತು. "ದಿನಾ ಯಾಕೆ ಎಣಿಸ್ತೀರಿ?" ಅಂತ ಕೇಳಿದ್ದೆ. "ಗೊತ್ತಿದ್ರೂ ನೋಡ್ಬೇಕು ಮೇಡಂ," ಅಂದಿದ್ದರು. ಆಗ ಅದು ಮಿಲಿಟರಿಯವರ ಅಭ್ಯಾಸ ಅಂದುಕೊಂಡು ಸುಮ್ಮನಾದೆ.

ನಿವೃತ್ತರಾದ ಮೇಲೆ ಅವರು ನನ್ನ ಕೌಂಟರಿನ ಎದುರು ಬಂದರು. ಅವರ ಸೈನ್ಯದ ಪಿಂಚಣಿಯ ಆದೇಶಪತ್ರದಲ್ಲಿ, ಅಂದರೆ ಪಿಪಿಒದಲ್ಲಿ, ಹೆಂಡತಿಯ ಹೆಸರೇ ಇರಲಿಲ್ಲ. ಆ ಕಾಲದಲ್ಲಿ ಸೈನ್ಯ ಬಿಟ್ಟ ಎಷ್ಟೋ ಜನರದ್ದು ಇದೇ ಕಥೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಸರಿತ್ತು, ಆದರೆ ಕೊನೆಯ 'ಅಮ್ಮ' ಬಿಟ್ಟುಹೋಗಿತ್ತು. ಹುಟ್ಟಿದ ತಾರೀಕಿನ ಜಾಗ ಖಾಲಿ. ಗಂಡ ಇರುವಷ್ಟು ದಿನ ಇದರಿಂದ ಏನೂ ತೊಂದರೆಯಿಲ್ಲ, ಪ್ರತಿ ತಿಂಗಳೂ ಹಣ ಬರುತ್ತದೆ. ಅವರು ಕಣ್ಣು ಮುಚ್ಚಿದ ದಿನದಿಂದ ಹೆಂಡತಿಗೆ ಸಿಗಬೇಕಾದ ಕುಟುಂಬ ಪಿಂಚಣಿಗೆ ಆ ಎರಡಕ್ಷರ ದೊಡ್ಡ ಗೋಡೆಯಾಗಿ ನಿಲ್ಲುತ್ತದೆ. ಇಬ್ಬರ ಹೆಸರೂ ಸೇರಿದ ಜಾಯಿಂಟ್ ನೋಟಿಫಿಕೇಷನ್ ಮಾಡಿಸಬೇಕು ಅಂತ ಅವರು ಅರ್ಜಿ ತಂದಿದ್ದರು. ನಾನು ಪಿಪಿಒ ಪ್ರತಿಗೆ ಬ್ಯಾಂಕಿನ ಸೀಲು ಹಾಕಿಸಿ ಕೊಡಬೇಕಿತ್ತು, ಅಷ್ಟೇ.

ಕೊಡಲಿಲ್ಲ. "ಮುಂದಿನ ವಾರ ಬನ್ನಿ" ಅಂದೆ. ಮೂರು ಸಲ ಅಂದೆ. ವರ್ಷಾಂತ್ಯದ ಲೆಕ್ಕದ ಒತ್ತಡ ಇದ್ದದ್ದು ನಿಜ, ಆದರೆ ಅರ್ಜಿ ನನ್ನದೇ ಡ್ರಾಯರಿನಲ್ಲಿ ಬಿದ್ದಿತ್ತು ಅನ್ನುವುದೂ ನಿಜ. ನಾಲ್ಕನೆಯ ಸಲ ಬಂದವರು ಸಿಟ್ಟು ಮಾಡಲಿಲ್ಲ. ಊಟದ ಹೊತ್ತಿನವರೆಗೆ ಬೆಂಚಿನ ಮೇಲೆ ಕೂತಿದ್ದು, ಕೌಂಟರ್ ಖಾಲಿಯಾದ ಮೇಲೆ ಹತ್ತಿರ ಬಂದು ಮಾತಾಡಿದರು.

1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಅವರು ಶಕರ್‌ಗಢ ಸೆಕ್ಟರಿನಲ್ಲಿದ್ದರು, ಬಸಂತರ್ ನದಿಯ ಕಡೆ. ಟ್ಯಾಂಕುಗಳು ದಾಟಬೇಕಾದರೆ ಮೊದಲು ಸ್ಯಾಪರ್‌ಗಳು ನೆಲಬಾಂಬು ತೆಗೆದು ದಾರಿ ಬಿಡಿಸಬೇಕು. ಕತ್ತಲು, ಚಳಿ, ಹಿಂದೆ ಟ್ಯಾಂಕುಗಳ ಎಂಜಿನ್ ಸದ್ದು. ಸಲಾಕೆಯನ್ನು ನೆಟ್ಟಗೆ ಚುಚ್ಚಿದರೆ ಬಾಂಬಿನ ತಲೆಗೇ ತಾಗಬಹುದು, ಅದಕ್ಕೇ ಓರೆಯಾಗಿ, ಪಕ್ಕಕ್ಕೆ ತಾಗುವ ಹಾಗೆ, ಗೇಣು ಗೇಣಿಗೂ ಚುಚ್ಚುತ್ತಾ ಹೋಗಬೇಕು. ನನ್ನ ಟೇಬಲ್ಲಿನ ಮೇಲಿದ್ದ ಪೆನ್ಸಿಲನ್ನೇ ಓರೆ ಹಿಡಿದು ತೋರಿಸಿದರು. "ನಾವು ನೋಡದೆ ಬಿಟ್ಟ ಜಾಗದ ಮೇಲೆ ಹಿಂದೆ ಬರೋರು ಕಾಲಿಡ್ತಾರೆ ಮೇಡಂ. ನಂಗೇನೂ ಆಗಲ್ಲ, ನಾನು ದಾಟ್ಬಿಟ್ಟಿರ್ತೀನಿ," ಅಂದರು.

ಅವತ್ತೇ ಸೀಲು ಹಾಕಿಸಿ ಕೊಟ್ಟೆ. ಮುಖ ಎತ್ತಿ ನೋಡಲು ಆಗಲಿಲ್ಲ.

ಆಮೇಲೆ ಅವರು ಬೆಂಗಳೂರಿನ ರೆಕಾರ್ಡ್ಸ್ ಆಫೀಸಿಗೆ ಎಷ್ಟು ಸಲ ಬಸ್ಸು ಹತ್ತಿದರೋ. ಅಫಿಡವಿಟ್ಟು, ಶಾಲೆಯ ದಾಖಲೆ, ಜಂಟಿ ಫೋಟೋ. ತಿದ್ದಿದ ಪಿಪಿಒ ಬಂದಾಗ ನನ್ನ ಎದುರೇ ಕೂತು ಹೆಂಡತಿಯ ಹೆಸರಿನ ಒಂದೊಂದು ಅಕ್ಷರದ ಕೆಳಗೂ ಪೆನ್ಸಿಲ್ ಮೊನೆ ಊರಿ ಓದಿದರು. ಅದೇ ಓರೆ. ಪೂರ್ತಿ ಓದಿ ಮುಗಿಸಿ ಅಂಚಿನಲ್ಲಿ ಒಂದು ಸಣ್ಣ ಸರಿ ಗುರುತು ಹಾಕಿದರು.

ಅಂದಿನಿಂದ ನವೆಂಬರಿನಲ್ಲಿ ಜೀವನ ಪ್ರಮಾಣಪತ್ರ ಕೊಡಲು ಬರುವ ಪ್ರತಿ ಪಿಂಚಣಿದಾರರನ್ನೂ ಕೇಳುತ್ತೇನೆ: ಮನೆಯವರ ಹೆಸರು ಪಿಪಿಒದಲ್ಲಿದೆಯಾ, ಆಧಾರಿನಲ್ಲಿ ಇರುವ ಹಾಗೇ ಇದೆಯಾ, ಹುಟ್ಟಿದ ತಾರೀಕು ಇದೆಯಾ? ತಾರೀಕು ಯಾಕೆ ಮುಖ್ಯ ಅಂತ ಕೆಲವರಿಗೆ ಗೊತ್ತಿರುವುದಿಲ್ಲ. 80 ತುಂಬಿದಾಗ ಮೂಲ ಪಿಂಚಣಿಗೆ ಶೇ 20 ಹೆಚ್ಚುವರಿ ಸೇರುತ್ತದೆ, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಇನ್ನೊಂದು ಅಷ್ಟೇ ಪಿಂಚಣಿ. ಕುಟುಂಬ ಪಿಂಚಣಿ ಪಡೆಯುವ ಹೆಂಡತಿಗೂ ಇದು ಸಿಗುತ್ತದೆ. ದಾಖಲೆಯಲ್ಲಿ ತಾರೀಕೇ ಇಲ್ಲದಿದ್ದರೆ ಎಂಬತ್ತು ತುಂಬಿದ್ದು ಯಾರಿಗೆ ತಿಳಿಯಬೇಕು? ಈಗ ಸೈನ್ಯದ ಪಿಂಚಣಿಯೆಲ್ಲ ಸ್ಪರ್ಶ್ ಅನ್ನುವ ಸರ್ಕಾರದ ಆನ್‌ಲೈನ್ ಪೋರ್ಟಲ್ಲಿಗೆ ಹೋಗಿದೆ. ಕಂಪ್ಯೂಟರಿಗೆ ಬಿಟ್ಟುಹೋದ 'ಅಮ್ಮ'ನನ್ನು ಊಹಿಸಿಕೊಳ್ಳಲು ಬರುವುದಿಲ್ಲ. ನನ್ನ ಹಿಂದೆ ಸಾಲು ಬೆಳೆಯುತ್ತದೆ, ಸಹೋದ್ಯೋಗಿಗಳು ಗೊಣಗುತ್ತಾರೆ. ಆದರೂ ಕೇಳುತ್ತೇನೆ.

ಹೋದ ವಾರ ಅವರ ಮನೆಯವರು ಹಿರಿಮಗಳ ಜೊತೆ ಬಂದರು. ಕೈಯಲ್ಲಿ ಹಸಿರು ಬಟ್ಟೆಯ ಫೈಲು. ಅಮ್ಮ ಅದನ್ನು ಬಿಚ್ಚದೆ ಹಾಗೇ ನನ್ನ ಮುಂದಿಟ್ಟು, "ಇದನ್ನ ನಿಮ್ಮ ಕೈಗೇ ಕೊಡು ಅಂದಿದ್ರು," ಅಂದರು. ಪಿಪಿಒ, ಡಿಸ್ಚಾರ್ಜ್ ಬುಕ್, ಆಧಾರ್, ಪಾಸ್‌ಬುಕ್ ಕ್ರಮವಾಗಿ ಇದ್ದವು. ಪ್ರತಿಯೊಂದರ ಅಂಚಿನಲ್ಲೂ ಆ ಪೆನ್ಸಿಲ್ ಗುರುತು. ಮಗಳು ಮರಣ ಪ್ರಮಾಣಪತ್ರ ಒಂದನ್ನು ಸೇರಿಸಿದ್ದಳು, ಗುರುತಿಲ್ಲದ ಕಾಗದ ಅದೊಂದೇ. ಯಾವುದಕ್ಕೂ ಅವರನ್ನು ವಾಪಸ್ ಕಳಿಸಬೇಕಾಗಲಿಲ್ಲ.

ಫೈಲಿನ ತಳದಲ್ಲಿ ಮನಿ ಆರ್ಡರ್ ಕೂಪನ್ನುಗಳ ಕಟ್ಟು. ಗಡಿಯಿಂದ ದುಡ್ಡು ಕಳಿಸುವಾಗ ಕೆಳಗಿನ ತುಂಡು ಜಾಗದಲ್ಲಿ ಬರೆದ ಎರಡೆರಡು ಸಾಲು: ಕ್ಷೇಮ, ಅವ್ವನಿಗೆ ಔಷಧಿ ತಪ್ಪಿಸಬೇಡ, ದೊಡ್ಡವಳನ್ನು ಶಾಲೆಗೆ ಸೇರಿಸು. ಇದು ಇಲ್ಲಿಗೆ ಬೇಡಮ್ಮ, ಮನೆಯಲ್ಲಿಡಿ ಅಂದೆ. ಅವರು ಸೆರಗಿನಲ್ಲಿ ಸುತ್ತಿಕೊಂಡರು.

ಫೈಲಿನ ರಟ್ಟಿನ ಒಳಗಡೆ ಒಂದು ಚೀಟಿ ಅಂಟಿಸಿತ್ತು. "2029 ಜೂನ್: ಇವಳಿಗೆ 80. ಶೇ 20 ಕೇಳಬೇಕು." ಅಷ್ಟು ಹೊತ್ತಿಗೆ ನಾನೂ ನಿವೃತ್ತಳಾಗಿರುತ್ತೇನೆ. ಪಕ್ಕದ ಕೌಂಟರಿಗೆ ಹೊಸದಾಗಿ ಬಂದಿರುವ ಹುಡುಗನನ್ನು ಕರೆದು ಚೀಟಿ ತೋರಿಸಿದೆ. ಅವನು ಫೋನಿನಲ್ಲಿ ತಾರೀಕು ಹಾಕಿಕೊಂಡ. ನಾನು ಪೆನ್ಸಿಲ್ ತೆಗೆದು ಚೀಟಿಯ ಅಂಚಿನಲ್ಲಿ ಒಂದು ಸರಿ ಗುರುತು ಹಾಕಿ ಫೈಲು ಅಮ್ಮನ ಕೈಗೆ ಕೊಟ್ಟೆ.